ಬಿಳಿ ಬಟ್ಟಲು, ನೀಲಿ ದಾರ

ಬೆಳಗಿನ ಐದೂವರೆ. ಬೀದಿ ನಲ್ಲಿಗೆ ಇನ್ನೂ ನೀರು ಬಂದಿಲ್ಲ. ಗಲ್ಲಿಯ ಮೊದಲ ಮನೆಯ ಬಚ್ಚಲಿನಲ್ಲಿ ನಲವತ್ತೆಂಟರ ಹೆಂಗಸೊಬ್ಬರು ನೀರಿನ ಡ್ರಮ್ಮಿನ ಮೇಲೆ ಬಗ್ಗಿದ್ದಾರೆ. ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಬಿಳಿ ಪಿಂಗಾಣಿ ಬಟ್ಟಲು. ಡ್ರಮ್ಮಿನ ಬಟ್ಟೆಗವಸನ್ನು ಸರಿಸಿ, ಬಟ್ಟಲನ್ನು ಓರೆಯಾಗಿ ಅದ್ದಿ, ಎತ್ತಿದ ನೀರಿಗೆ ಬೆಳಕು ಹಿಡಿಯುತ್ತಾರೆ. ಸೊಳ್ಳೆಯ ಮರಿಹುಳವಿದ್ದರೆ ಬಿಳಿಯ ಮೇಲೆ ಮಿಡುಕುವುದು ಕಾಣಿಸುತ್ತದೆ.

"ನಾನು ಪಾಸಾ?" ಮನೆಯ ಯಜಮಾನರು ಹಲ್ಲುಜ್ಜುತ್ತಲೇ ಕೇಳುತ್ತಾರೆ.

"ನಿಮ್ಮ ವಿಷಯ ಅತ್ತಿಗೆನ ಕೇಳ್ಬೇಕು ಅಣ್ಣ. ಡ್ರಮ್ಮು ಮಾತ್ರ ಪಾಸು."

ಇವರನ್ನು ಎಲ್ಲರೂ ಕರೆಯುವುದು ಗವಸಕ್ಕ ಎಂದೇ. ಗಂಡ ವೆಲ್ಡಿಂಗ್ ಕೆಲಸದಲ್ಲಿ ಕಣ್ಣು ಕಳೆದುಕೊಂಡ ಮೇಲೆ ನಾಲ್ಕು ಮನೆಗಳ ಪಾತ್ರೆ ತಿಕ್ಕಿದವರು. ಮೂವತ್ತಾರನೆಯ ವಯಸ್ಸಿನಲ್ಲಿ, ಸೇವಾಸಂಸ್ಥೆಯೊಂದು ಹಳೆಯ ಗೋದಾಮಿನಲ್ಲಿ ತೆರೆದ ಹೊಲಿಗೆ ಕೋಣೆಗೆ ಬಂದರು. ಅಲ್ಲಿ ಹದಿನಾಲ್ಕು ಹೆಂಗಸರು ಸೊಳ್ಳೆಪರದೆಯ ಬಟ್ಟೆಯಿಂದ ಡ್ರಮ್ಮಿನ ಗವಸು ಹೊಲಿಯುತ್ತಾರೆ. ಅಂಚಿಗೆ ಎಲಾಸ್ಟಿಕ್, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ಹೊಲಿದವರೇ ವಾರಕ್ಕೊಮ್ಮೆ, ಬುಧವಾರ, ಮನೆಮನೆಗೆ ಹೋಗಿ ನೀರು ನೋಡಬೇಕು, ಡೆಂಗಿ ಜ್ವರ ಹೇಗೆ ಹರಡುತ್ತದೆಂದು ತಿಳಿಸಬೇಕು. ತಪ್ಪು ಯಾರದೆಂದು ದಾರವೇ ಹೇಳುತ್ತದೆ. ಗವಸಕ್ಕನ ದಾರ ನೀಲಿ.

ಕಳೆದ ವರ್ಷ ಗಲ್ಲಿಯ ಕೊನೆಯ ಮನೆಯಲ್ಲಿ ಬಟ್ಟಲು ಎತ್ತಿದಾಗ ಹುಳ ಮಿಡುಕಿತು. ಡ್ರಮ್ಮಿನ ಮೇಲಿದ್ದದ್ದು ನೀಲಿ ದಾರದ ಗವಸು. ಆ ಮನೆಯ ಆರು ವರ್ಷದ ಹುಡುಗಿ ಅದಾಗಲೇ ಜ್ವರದಿಂದ ಆಸ್ಪತ್ರೆಯಲ್ಲಿದ್ದಳು. ಅಜ್ಜಿ ಗವಸನ್ನು ಕಿತ್ತು ತಂದು ಹೊಲಿಗೆ ಯಂತ್ರದ ಮೇಲೆ ಹಾಕಿದರು.

"ಏನೂ ಹಾಕದೆ ಇದ್ದಿದ್ರೆ ದಿನಾ ನೀರು ಚೆಲ್ಲಿ ತೊಳೀತಿದ್ದೆ. ನಿನ್ನ ನಂಬಿ ಸುಮ್ನಿದ್ದೆ," ಎಂದರು. ಬೈಗುಳವಿಲ್ಲ, ಕೂಗಾಟವಿಲ್ಲ. ಅದೇ ಹೆಚ್ಚು ನೋಯಿಸಿತು ಎನ್ನುತ್ತಾರೆ ಗವಸಕ್ಕ.

ದೇವರ ದಯೆ, ಹನ್ನೊಂದು ದಿನಕ್ಕೆ ಮಗು ಮನೆಗೆ ಬಂತು. ಎಲ್ಲ ಮನೆಗಳಿಗೂ ಆ ಭಾಗ್ಯವಿರುವುದಿಲ್ಲ. ಬಾರದೆ ಹೋದ ಮಗುವಿನ ಚಪ್ಪಲಿ ಬಾಗಿಲಲ್ಲೇ ಉಳಿಯುವ ಮನೆಗಳಿವೆ. ಅದನ್ನು ತೆಗೆದಿಡಲು ಯಾರಿಗೂ ಕೈ ಬರುವುದಿಲ್ಲ.

ಕಾರಣ ಸಣ್ಣದು. ನೀರು ಮೊಗೆದವರು ಚೊಂಬನ್ನು ಗವಸಿನ ಮೇಲೆಯೇ ಇಡುತ್ತಿದ್ದರು. ಭಾರಕ್ಕೆ ಬಟ್ಟೆ ಜಗ್ಗಿ ನೀರು ಮುಟ್ಟುತ್ತಿತ್ತು. ಒದ್ದೆಯಾದ ಜಾಲರಿಯ ಮೇಲೆ ಕುಳಿತೇ ಸೊಳ್ಳೆ ಮೊಟ್ಟೆ ಇಡುತ್ತಿತ್ತು.

"ಚೊಂಬಿಟ್ಟದ್ದು ಅವರ ತಪ್ಪು. ಊರಿಗೆಲ್ಲ ಸಾರಿದ್ರೆ ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಂಡ ಹಾಗೆ," ಎಂದರು ಪಕ್ಕದ ಯಂತ್ರದವರು. ಅವರಿಗೂ ಮನೆಯಲ್ಲಿ ಮಕ್ಕಳು.

"ಚೊಂಬಿಡೋಕೆ ಬೇರೆ ಜಾಗ ನಾವು ಕೊಟ್ಟಿದ್ವಾ?" ಎಂದು ಗವಸಕ್ಕ ಎದ್ದರು. ಆರು ದಿನ ಮನೆಮನೆ ತಿರುಗಿದರು. ತಮ್ಮ ತಪ್ಪನ್ನು ತಾವೇ ಹೇಳಿ ಇನ್ನೂರ ಹತ್ತು ಗವಸು ಹಿಂದಕ್ಕೆ ತಂದರು. ಎರಡು ತಿಂಗಳು ಯಂತ್ರಗಳು ಸುಮ್ಮನಿದ್ದವು. ಕೋಣೆ ಮುಚ್ಚುವ ಮಾತೂ ಬಂತು. ಗವಸಕ್ಕ ಮತ್ತೆ ಪಾತ್ರೆ ತಿಕ್ಕಿದರು. ಆದರೆ ಬುಧವಾರದ ಬಟ್ಟಲು ಬಿಡಲಿಲ್ಲ.

ಈಗಿನ ಗವಸಿಗೆ ಎರಡು ಎಲಾಸ್ಟಿಕ್. ಬಟ್ಟೆ ತಮಟೆಯ ಹಾಗೆ ಬಿಗಿ. ಪಕ್ಕದಲ್ಲಿ ಚೊಂಬು ನೇತುಹಾಕಲು ಗಟ್ಟಿ ಕುಣಿಕೆ. ಒಂದೊಂದಾಗಿ ಮನೆಗಳು ಮರಳಿದವು. ಇಂದು ಇನ್ನೂರ ಅರವತ್ತು ಡ್ರಮ್ಮುಗಳಿಗೆ ಗವಸಿದೆ. ಕೊನೆಯ ಮನೆ ಮಾತ್ರ ಬಾಗಿಲು ತೆರೆದಿಲ್ಲ. ಹೊಸ ಗವಸೊಂದನ್ನು ಗವಸಕ್ಕ ಅದರ ಚಿಲಕಕ್ಕೆ ಸಿಕ್ಕಿಸಿ ಬಂದು ಐದು ತಿಂಗಳಾಯಿತು. ಬುಧವಾರ ಬುಧವಾರ ಒಳಗಿನಿಂದ ಒಂದೇ ಮಾತು: "ಬೇಡ."

ಇಂದೂ ಬುಧವಾರ. ಗವಸಕ್ಕ ಕದ ತಟ್ಟುತ್ತಾರೆ.

"ತೆಗೆದೇ ಇದೆ. ತಳ್ಳೋಕೂ ಬರಲ್ವಾ ನಿಂಗೆ?"

ಬಚ್ಚಲಿನಲ್ಲಿ ಡ್ರಮ್ಮು, ಮೇಲೆ ನೀಲಿ ದಾರದ ಗವಸು, ಕುಣಿಕೆಯಲ್ಲಿ ಚೊಂಬು. ಪಕ್ಕದ ಗೂಡಿನಲ್ಲಿ ಅಂಚು ಮುಕ್ಕಾದ ಒಂದು ಬಿಳಿ ಬಟ್ಟಲು. ಅದು ಗವಸಕ್ಕನದಲ್ಲ.

"ದಿನಾ ನಾನೇ ನೋಡ್ತೀನಿ. ನಿನ್ನ ನಂಬಿ ಅಲ್ಲ," ಎನ್ನುತ್ತಾರೆ ಅಜ್ಜಿ. ಆ ಬಟ್ಟಲನ್ನು ಮುಂದೆ ಹಿಡಿದು, "ಕಣ್ಣು ಮಂಜಾಗಿದೆ. ನೀನೂ ಒಂದ್ಸಲ ನೋಡು."

ಗವಸಕ್ಕ ತಮ್ಮ ಬಟ್ಟಲನ್ನು ಚೀಲದಲ್ಲೇ ಬಿಟ್ಟು, ಮುಕ್ಕಾದ ಬಟ್ಟಲನ್ನೇ ಅದ್ದುತ್ತಾರೆ. ನೀರು ತಿಳಿಯಾಗಿದೆ. ಹುಡುಗಿ ಬಂದು ಬಗ್ಗಿ ನೋಡಿ, ಏನೂ ಇಲ್ಲವೆಂದು ಬೇಸರಪಟ್ಟು ಓಡುತ್ತಾಳೆ.

ಹೊರಗೆ ಬಂದ ಮೇಲೆ, ಇನ್ನೇನು ಆಸೆ ಎಂದು ಕೇಳಿದರೆ ಗವಸಕ್ಕ ಟಾರ್ಚು ಆರಿಸುತ್ತಾರೆ.

"ಮನೆಮನೇಲೂ ಆ ಅಜ್ಜಿ ತರ ಒಬ್ರು ಇರ್ಲಿ. ನಮ್ಮನ್ನ ನಂಬದೆ ದಿನಾ ನೋಡ್ಕೊಳ್ಳೋರು. ಹೊಲಿಯೋದು ನಾನು ಹೊಲೀತೀನಿ."