ದೊಡ್ಡ ಕೈಯ ಚಿತ್ರ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ನೀಲಿ. ಕುಂಚ ಬದಿಗಿಟ್ಟು ಆ ಉಗುರಿನಿಂದಲೇ ಬಣ್ಣ ಎಳೆಯುವುದು ಅವರ ಅಭ್ಯಾಸ. ಐವತ್ತರ ದಶಕದ ಕೊನೆಗೆ, ಮೂಡುಬಿದಿರೆ ಕಡೆಯ ಒಂದು ಶಾಲೆಯಲ್ಲಿ ನಾನು ಕನ್ನಡ ಪಂಡಿತ, ಅವರು ಡ್ರಾಯಿಂಗ್ ಮಾಸ್ಟ್ರು. ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಮಕ್ಕಳಿಗೆ ಒಂದೊಂದು ಬಿಂಬುಳಿ ಕಚ್ಚಲು ಕೊಟ್ಟು, "ಕಾಯಿ ಬರೀಬೇಡಿ, ಹುಳಿ ಬರೀರಿ" ಎನ್ನುತ್ತಿದ್ದರು. ಮಕ್ಕಳು ಮುಖ ಕಿವುಚಿಕೊಂಡೇ ಹಾಳೆ ತುಂಬ ಗೀಚುತ್ತಿದ್ದರು.

ಶಾಲೆಗೆ ಜಾಗ ಕೊಟ್ಟ ಧಣಿಗಳು ತೀರಿಕೊಂಡಾಗ ಅವರ ಚಿತ್ರ ಬರೆಯುವ ಕೆಲಸ ಮಾಸ್ಟ್ರಿಗೆ ಬಂತು. ಅವರು ಧಣಿಗಳನ್ನು ಕಂಡದ್ದು ಎರಡೇ ಸಲ. ಚಿತ್ರದಲ್ಲಿ ಮುಖ ಮಸುಕು, ಮೂರೇ ಗೆರೆ. ಕುರ್ಚಿಯ ಮೇಲಿಟ್ಟ ಕೈ ಮಾತ್ರ ಚಿತ್ರದ ಅರ್ಧದಷ್ಟು.

ಶಾಲೆಯಲ್ಲಿ ಅನಾವರಣದ ದಿನ ಪರದೆ ಸರಿಸಿದೊಡನೆ ಸಭೆ ನಕ್ಕಿತು.

"ಧಣಿಗಳ ಮೂಗು ಎಲ್ಲುಂಟು ಮಾರಾಯ್ರೆ?"

"ಇದು ಮೋಡರ್ನ್ ಅಂತೆ. ಮೂಗು ನಾವೇ ತರಬೇಕು!"

ಅಳಿಯಕಟ್ಟಿನಂತೆ ಆಸ್ತಿಗೂ ಶಾಲೆಗೂ ಯಜಮಾನರಾಗಿದ್ದ ಸೋದರಳಿಯ, ಸಣ್ಣ ಧಣಿ, ನನ್ನ ಕಡೆ ತಿರುಗಿದರು. "ಪಂಡಿತ್ರೇ, ಇದರ ಅರ್ಥ ಎಂತದು? ನೀವಾದ್ರೂ ಹೇಳಿ."

ನನ್ನ ತಂದೆ ಅದೇ ಮನೆಯ ಒಕ್ಕಲು. "ನನಗೆ ತಿಳಿಯುದಿಲ್ಲ ಧಣಿ" ಎಂದೆ.

ಆಗ ಬೆಳ್ತಂಗಡಿ ಕಡೆಯ ತವರಿನಿಂದ ಬಂದಿದ್ದ, ತೀರಿಕೊಂಡವರ ಹೆಂಡತಿ ಎದ್ದು ಚಿತ್ರದ ಹತ್ತಿರ ಹೋದರು. ಚಿತ್ರದ ಕೈ ನೋಡಿ ಸಣ್ಣ ಧಣಿಯ ಕಡೆ ತಿರುಗಿದರು.

"ಇವರೇ ಹೌದು. ಮುಖ ಎತ್ತಿ ನೋಡಿದವರು ಯಾರು? ನಮಗೆ ಕಾಣ್ತಿದ್ದದ್ದು ಆ ಕೈ. ತೆಗಿ ಮಗಾ, ನನಗೆ ನೋಡ್ಲಿಕ್ಕೆ ಆಗುದಿಲ್ಲ."

ನಗು ನಿಂತಿತು. ಸಣ್ಣ ಧಣಿಗೆ ನಗುವಿಗಿಂತ ಆ ಮೌನವೇ ಹೆಚ್ಚು ಅವಮಾನವಾಯಿತು. ಮುಂದಿನ ಜೂನಿನಲ್ಲಿ ಮಾಸ್ಟ್ರಿಗೆ ಕೆಲಸ ಇರಲಿಲ್ಲ.

ಅವರು ಊರು ಬಿಡುವ ದಿನ ಬಸ್ಸು ಕಾಯುವಾಗ ನಾನು ತಪ್ಪಾಯಿತು ಎಂದೆ. ಅವರು ಸಿಟ್ಟಾಗಲಿಲ್ಲ.

"ನಿಮಗೆ ಅರ್ಥ ಆಗಿತ್ತು ಪಂಡಿತ್ರೇ. ತೋಡಾರಿನಲ್ಲಿ ನಮ್ಮ ಮನೆಯಲ್ಲಿ ಮೊದಲ ಸಲ ಆ ಚಿತ್ರ ತೋರಿಸಿದೆನಲ್ಲ, ಆಗ ನೀವು, ಧಣಿಗಳು ಎದುರು ಬಂದಾಗ ಬಿಡುವ ಹಾಗೆ, ಎತ್ತಿ ಕಟ್ಟಿದ ಮುಂಡು ಕೆಳಗೆ ಬಿಟ್ಟಿರಿ. ನೀವು ಗಮನಿಸಲಿಲ್ಲ, ನಾನು ನೋಡಿದೆ. ಅವತ್ತೇ ನನಗೆ ಗೊತ್ತಾಯ್ತು, ಚಿತ್ರ ಸರಿ ಬಂದಿದೆ ಅಂತ."

ಆಮೇಲೆ ಅವರು ಪುಂಜಾಲಕಟ್ಟೆಯಲ್ಲಿ ಅಂಗಡಿಗಳ ಬೋರ್ಡು ಬರೆದುಕೊಂಡಿದ್ದು, ಅಲ್ಲೇ ತೀರಿಕೊಂಡರು. ಸುದ್ದಿ ನನಗೆ ತಿಂಗಳು ಕಳೆದು ತಿಳಿಯಿತು. ಆ ಹೆಂಗಸು ಆಡಿದ ಮಾತು ಅಂದು ನಾನು ಆಡಬೇಕಾಗಿದ್ದದ್ದು.