ಕ್ಲೆಮೆನ್ಸನ ಓಟ್ಸ್ ಹೊಲ ಹುಲ್ಲುಗಾವಲಾದದ್ದು

ಕ್ಲೆಮೆನ್ಸ್ ಗವ್ರೋನ್ ಮೈಗಳ್ಳನಾಗಿ ಹೊಲವನ್ನು ಪಾಳುಗೆಡವಿದನೆಂದು ಬೆಸ್ಕಿದ್ ಬೆಟ್ಟದ ತಪ್ಪಲಿನ ನಮ್ಮ ಊರಿನಲ್ಲಿ ಇಂದಿಗೂ ಹೇಳುವವರಿದ್ದಾರೆ. ಇದು ಶುದ್ಧ ಸುಳ್ಳು. ಆ ಹೊಲ ಒಂದು ವರ್ಷವೂ ಪಾಳು ಬಿದ್ದದ್ದಿಲ್ಲ. ಅದನ್ನು ಹುಲ್ಲುಗಾವಲು ಮಾಡಲು ಅವನು ಪಟ್ಟ ಸಂಕಟ ಯಾವ ಉಳುಮೆಗೂ ಕಡಿಮೆಯದಲ್ಲ.

ಕಾಡಂಚಿನ ಆ ಇಳಿಜಾರಿನಲ್ಲಿ ಅವನ ಅಜ್ಜ, ಅಪ್ಪ ಒಂದು ವರ್ಷ ಓಟ್ಸ್, ಮರುವರ್ಷ ಆಲೂಗಡ್ಡೆ ಬೆಳೆಯುತ್ತಿದ್ದರು. ಮಳೆಗೂ ಕರಗುವ ಹಿಮಕ್ಕೂ ಮಣ್ಣು ಜಾರಿ ಕೆಳಬದುವಿನಲ್ಲಿ ಗುಡ್ಡೆಯಾಗುತ್ತಿತ್ತು. ಪ್ರತಿ ವಸಂತದಲ್ಲಿ ಅದನ್ನು ಬುಟ್ಟಿಗೆ ತುಂಬಿ, ಬೆನ್ನ ಮೇಲೆ ಹೊತ್ತು, ಮತ್ತೆ ಮೇಲಕ್ಕೆ ಸುರಿಯಬೇಕು. ಎಪ್ಪತ್ತು ದಾಟಿದ ಕ್ಲೆಮೆನ್ಸನ ಮಂಡಿಗಳು ಅದಕ್ಕೆ ಒಪ್ಪಲಿಲ್ಲ. ಇತ್ತ ಮನೆಯ ಒಂದೇ ಹಸು ಕ್ರಾಸುಲಾಳಿಗೆ ಮೇವು ಸಾಲದೆ ಮಾರುವ ಮಾತು ಬಂದಿತ್ತು. ಹುಲ್ಲಾದರೆ ಮಣ್ಣೂ ನಿಂತೀತು, ಹಸುವೂ ಉಳಿದೀತು ಎಂದವಳು ಹೆಂಡತಿ ಲುದ್ವಿಕಾ. ಒಣಹುಲ್ಲಿನ ಅಟ್ಟವನ್ನು ಗುಡಿಸಿ, ಉದುರಿದ್ದ ಬೀಜವನ್ನೆಲ್ಲ ಕೂಡಿಸಿಕೊಟ್ಟವಳೂ ಅವಳೇ.

ಕ್ಲೆಮೆನ್ಸ್ ಅದನ್ನು ಓಟ್ಸ್ ಜೊತೆಗೆ ಬಿತ್ತಿದ. ಎಳೆಯ ಹುಲ್ಲಿಗೆ ಓಟ್ಸ್ ನೆರಳು ಕೊಡುತ್ತದೆ. ಆದರೆ ಕಾಳು ಕಟ್ಟುವ ಮೊದಲೇ ಅದನ್ನು ಹಸಿರಾಗಿಯೇ ಕೊಯ್ಯಬೇಕು. ತಡವಾದರೆ ಅಡಿಯ ಹುಲ್ಲು ಉಸಿರುಗಟ್ಟಿ ಸಾಯುತ್ತದೆ.

ಇದು ಗೊತ್ತಿದ್ದೂ ಅವನ ಕೈ ಏಳಲಿಲ್ಲ. ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನೂ ಎತ್ತಿ ಮುತ್ತಿಟ್ಟು ತಿನ್ನುವ ಮನೆತನ ಅವನದು. ಕಾಳಾಗಬೇಕಾದ ಪೈರಿಗೆ ಕುಡುಗೋಲು ಹಾಕುವುದು ಅವನ ಪಾಲಿಗೆ ಪಾಪ. ದಿನವೂ ಬೆಳಿಗ್ಗೆ ಕುಡುಗೋಲು ಮಸೆಯುವನು, ಹೊಲದವರೆಗೆ ಹೋಗುವನು, ಇಬ್ಬನಿ ಹೆಚ್ಚೆಂದೋ ಗಾಳಿ ಸರಿಯಿಲ್ಲವೆಂದೋ ಮರಳುವನು. ಕೊನೆಗೆ ಲುದ್ವಿಕಾ ಅವನ ಹಿಂದೆಯೇ ಹೋಗಿ, ಪೈರನ್ನು ಬಾಗಿಸಿ ಬುಡವನ್ನು ತೋರಿಸಿದಳು. ಹುಲ್ಲು ಹಳದಿಗೆ ತಿರುಗಿತ್ತು.

"ಮೇಲೆ ತೆನೆ ನೋಡ್ಕೊಂಡು ಮೀಸೆ ತಿರುವ್ತಿದೀಯಲ್ಲ ಮಾರಾಯ, ಬುಡ ನೋಡು. ಓಟ್ಸು ಬರೀ ದಾದಿ ಕಣೋ. ದಾದಿನ ಸಾಕಕ್ಕೆ ಹೋಗಿ ಮಗುನ ಸಾಯಿಸ್ತೀಯಾ?"

"ನಾಳೆ ದೇವ್ರು ಕೇಳಿದ್ರೆ ಏನಂತ ಹೇಳ್ಲೇ?"

"ಹೆಂಡ್ತಿ ಮಾಡ್ಸಿದ್ಲು ಅನ್ನು. ಆದಾಮನೂ ಅದನ್ನೇ ತಾನೇ ಹೇಳಿದ್ದು."

ಕ್ಲೆಮೆನ್ಸ್ ಟೋಪಿ ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕೊಯ್ಲಿಗೆ ಇಳಿದ. ಅಂದು ಊಟಕ್ಕೆ ಕುಳಿತಾಗ ಅವನು ರೊಟ್ಟಿಗೆ ಎರಡು ಸಲ ಮುತ್ತಿಟ್ಟ. ಹಸಿ ಓಟ್ಸನ್ನು ಮೆಲ್ಲುತ್ತಿದ್ದ ಕ್ರಾಸುಲಾಳಿಗೆ ಮಾತ್ರ ಯಾವ ಪಾಪಪ್ರಜ್ಞೆಯೂ ಇರಲಿಲ್ಲ. ಮುಂದಿನ ಮಳೆಗೆ ಹುಲ್ಲು ಚೇತರಿಸಿಕೊಂಡಿತು, ಚಳಿಗಾಲವನ್ನೂ ತಡೆದುಕೊಂಡಿತು.

ಮೇ ತಿಂಗಳಲ್ಲಿ ಗಂಡಹೆಂಡಿರು ಹಸುವನ್ನು ಹೊಡೆದುಕೊಂಡು ಬಂದರು. ಬದುವಿನ ಬಳಿ ಅದು ನಿಂತೇಬಿಟ್ಟಿತು. ಎಳೆದರೂ ಬರಲೊಲ್ಲದು. ಕರುವಾಗಿದ್ದಾಗಿನಿಂದ ಅಲ್ಲಿ ಬಾಯಿ ಹಾಕಿದಾಗಲೆಲ್ಲ ಪೆಟ್ಟು ತಿಂದದ್ದು. ಹೊಡೆದವನು ಇದೇ ಕ್ಲೆಮೆನ್ಸ್. ಪಕ್ಕದ ಹೊಲದ ವಾಲೆಕ್ ಇದನ್ನೆಲ್ಲ ನೋಡುತ್ತ ನಿಂತಿದ್ದ.

"ನಿನಗೆ ಮರೆತುಹೋದ್ರೂ ನಿನ್ನ ಹಸುಗೆ ಇನ್ನೂ ನೆನಪೈತೆ ನೋಡು, ಇದು ಹೊಲ ಅಂತ."

ಕ್ಲೆಮೆನ್ಸ್ ಕೈಯಲ್ಲಿದ್ದ ಕೋಲನ್ನು ಕಾಡಿನತ್ತ ಎಸೆದ. ಹುಲ್ಲಿನ ನಡುವೆ ಹೋಗಿ, ಹಸುವಿಗೆ ಬೆನ್ನುಹಾಕಿ, ಕಾಲು ಚಾಚಿ ಕುಳಿತ. ಲುದ್ವಿಕಾ ಹಗ್ಗ ಸಡಿಲಿಸಿದಳು. ಬಹಳ ಹೊತ್ತಾದ ಮೇಲೆ ಅವನ ಬೆನ್ನ ಹಿಂದೆ ಹುಲ್ಲು ಹರಿಯುವ ಸದ್ದು ಕೇಳಿಸಿತು, ಸದ್ದು ಹತ್ತಿರವಾಯಿತು, ಬೆಚ್ಚನೆಯ ಉಸಿರು ಅವನ ಹೆಗಲನ್ನು ದಾಟಿ ಮುಂದಕ್ಕೆ ಹೋಯಿತು. ಅವನು ತಲೆ ಎತ್ತಲಿಲ್ಲ, ಕೈಯನ್ನೂ ಆಡಿಸಲಿಲ್ಲ.

ಸಂಜೆ ಹಾಲು ಕರೆಯುವ ಹೊತ್ತಿಗೆ ಲುದ್ವಿಕಾ ಕೂಗಿದಾಗ ಹಸು ಹೊಲದ ನಟ್ಟನಡುವೆ ಮಲಗಿ ಮೆಲುಕು ಹಾಕುತ್ತಿತ್ತು. ಅದನ್ನು ಎಬ್ಬಿಸಲು ಕ್ಲೆಮೆನ್ಸನಿಗೂ ಅವಸರವಿರಲಿಲ್ಲ.