ಮೂರು ಸಲ ಜಗ್ಗುವ ಬೀಗ

ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ನಿವೃತ್ತ ಬ್ಯಾಂಕ್ ಕ್ಯಾಶಿಯರ್ ಸಾಹೇಬರು ಮದುವೆ ಆಮಂತ್ರಣವನ್ನೂ ನೋಟಿನಂತೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಾಯಿಪಲ್ಲೆ ತರಲು ಹೊರಟರೂ ಬಾಗಿಲಿನ ಹಿತ್ತಾಳೆ ಬೀಗವನ್ನು ಮೂರು ಸಲ ಜಗ್ಗುವರು. ಯಾರು ಏನೇ ಹೇಳಲಿ, "ಇದರಾಗ ಏನೋ ಮಸಲತ್ತ ಐತಿ" ಎನ್ನುವರು.

ಪರದೇಶ ನೋಡುವ ಆಸೆಯಿದ್ದರೂ ಟೂರು ಕಂಪನಿಗಳನ್ನಂತೂ ನಂಬುತ್ತಲೇ ಇರಲಿಲ್ಲ. "ಮಂದಿ ಹೋಗೂ ಕಡೆ ಮೋಸ ಇರತೈತ್ರಿ" ಎಂದು, ಯಾರೂ ಹೋಗದ ಜಾಗ ಹುಡುಕುತ್ತ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಸಣ್ಣ ದ್ವೀಪವೊಂದನ್ನು ಆರಿಸಿಕೊಂಡರು. ಇಡೀ ಚಳಿಗಾಲ ನಮ್ಮ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಹಡಗಿನ ವೇಳೆ, ಅಲ್ಲಿಯ ಗಾಳಿ ನೋಡಿದರು. ಕಡೆಗೆ ಅಲ್ಲಿ ಕೋಣೆ ಬಾಡಿಗೆಗೆ ಕೊಡುವ ಮುದುಕಿಯ ಸಂದೇಶ ಬಂತು: ನಾನು ಕುರಿ ಮೇಯಿಸಲು ಹೋಗಿರಬಹುದು, ಬಾಗಿಲು ತೆರೆದೇ ಇರುತ್ತದೆ, ನಮ್ಮಲ್ಲಿ ಯಾರೂ ಬೀಗ ಹಾಕುವುದಿಲ್ಲ.

ಸಾಹೇಬರು ಮೊಬೈಲನ್ನೇ ಬೆಳಕಿಗೆ ಹಿಡಿದರು. "ಕೀಲಿ ಹಾಕದ ಊರು ಎಲ್ಲೆರೆ ಇರತೈತೇನ್ರಿ? ಮಸಲತ್ತ ಐತಿ."

ಆದರೂ ಹೊರಟರು. ಅವರು ಬೆಳಗಾವಿ ಬಸ್ಸು ಹಿಡಿದ ಮೇಲೆ ಅವರ ಬಾಗಿಲತ್ತ ನೋಡಿದೆ. ಚಿಲಕಕ್ಕೆ ಬೀಗವಿರಲಿಲ್ಲ, ಬರೀ ಸುತಳಿ ದಾರ ಕಟ್ಟಿತ್ತು. ಗಾಬರಿಯಾಗಿ ಫೋನ್ ಮಾಡಿದೆ.

"ಹಿತ್ತಾಳಿ ಕೀಲಿ ನನ್ನ ಬ್ಯಾಗಿನಾಗ ಐತ್ರಿ" ಎಂದರು. "ಅಲ್ಲಿ ಹಾಕಾಕ ಬೇಕಲ್ಲ. ಹೊಸಾ ಕೀಲಿ ನಂಬಾಕ ಆಗೂದಿಲ್ಲ."

"ಮತ್ತ ಇಲ್ಲಿ ಮನಿಗಿ?"

ನನ್ನ ಪ್ರಶ್ನೆಯಲ್ಲೇ ಏನೋ ಮಸಲತ್ತು ಕಂಡವರಂತೆ ಅವರು ಅದನ್ನು ಇನ್ನೊಮ್ಮೆ ಹೇಳಿಸಿದರು.

"ಇಲ್ಲಿ ನೀವು ಅದೀರಲ್ರಿ."